ಸುಂಕದವನ ಮುಂದೆ ಸುಖದುಃಖ

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಮಾತು ಆಡಿದರು. "ಈ ಕೇರಳದವರು ಬಾವುಟ ಹಿಡಿದ ಕೈಯಲ್ಲಿ ಗುದ್ದಲಿ ಹಿಡಿದಿದ್ದರೆ ಹೆದ್ದಾರಿ ಇಪ್ಪತ್ತು ವರ್ಷದ ಹಿಂದೆಯೇ ಆಗುತ್ತಿತ್ತು. ಈಗಲಾದರೂ ಆಗುತ್ತಿದೆಯಲ್ಲ, ಟೋಲ್ ಕೊಟ್ಟು ಸುಮ್ಮನಿರೋಣ" ಎಂದರು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಬಾಯಲ್ಲಿ ಉಪ್ಪಿಟ್ಟು ಇದ್ದುದರಿಂದ ನಾನೂ ಸುಮ್ಮನಿದ್ದೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಜೀರ್ಣವಾಗಲಿಲ್ಲ. ಸಂಪಾದಕರಲ್ಲಿ ಪುಟ ಕೇಳಿ ಪಡೆದು ಉತ್ತರ ಬರೆಯುತ್ತಿದ್ದೇನೆ. ಹಿರಿಯರು ಮನ್ನಿಸಬೇಕು.

ಮೊದಲು ಒಂದು ಮಾತು. ನಾನು ಕೇಂದ್ರ ಸರಕಾರದ ಅನ್ನ ಉಣ್ಣುವ ಗುಮಾಸ್ತ. ನೌಕರರ ನಡತೆ ನಿಯಮಾವಳಿ ನನಗೆ ಬಾಯಿಪಾಠ. ಆದ್ದರಿಂದ ಸರಕಾರದ ನೀತಿಯ ಗೊಡವೆಗೆ ಹೋಗುವುದಿಲ್ಲ. ಊರಿಗೆ ಹೋಗಿ ಬರುವಾಗ ಟೋಲ್ ಕಟ್ಟುವ ಒಬ್ಬ ಗಿರಾಕಿಯಾಗಿ ನನ್ನ ದೂರು ಹೇಳುತ್ತೇನೆ, ಅಷ್ಟೇ. ಟೋಲ್ ಎಂಬುದೇ ಕೂಡದು ಎನ್ನುವವನೂ ನಾನಲ್ಲ. 2024ರ ಮಾರ್ಚ್ 11ರಂದು ತಲಶ್ಶೇರಿ-ಮಾಹಿ ಬೈಪಾಸ್ ತೆರೆದ ಮೇಲೆ ಅದರಲ್ಲಿ ಹೋಗಿದ್ದೇನೆ. ಹದಿನೆಂಟೂವರೆ ಕಿಲೋಮೀಟರು ಬೆಣ್ಣೆಯಂಥ ದಾರಿ. ಅಲ್ಲಿಯ ಹಣ ಕೊಡುವಾಗ ಹೊಟ್ಟೆ ಉರಿಯಲಿಲ್ಲ.

ಹಿರಿಯರ ಮಾತಿನಲ್ಲಿ ಸತ್ಯವೇ ಇಲ್ಲವೆಂದೂ ಹೇಳಲಾರೆ. ಇವತ್ತು ನಾವು 66 ಎನ್ನುವ ಈ ಕರಾವಳಿ ಹೆದ್ದಾರಿ 2010ರಲ್ಲಿ ಸಂಖ್ಯೆ ಬದಲಾಗುವವರೆಗೆ ಇಡಪ್ಪಳ್ಳಿಯಿಂದ ಉತ್ತರಕ್ಕೆ 17, ದಕ್ಷಿಣಕ್ಕೆ 47 ಆಗಿತ್ತು. ನಾನು ಕೆಲಸದ ನಿಮಿತ್ತ ತಿರುವನಂತಪುರಕ್ಕೆ ಬಂದು ವರ್ಷವಾಗಿರಲಿಲ್ಲ, 2010ರಲ್ಲಿ ರಸ್ತೆ ಅಗಲ ಎಷ್ಟಿರಬೇಕೆಂಬ ವ್ಯಾಜ್ಯ ತಾರಕಕ್ಕೇರಿತು. ದೇಶದ ಬೇರೆ ಕಡೆ 60 ಮೀಟರಿನ ಲೆಕ್ಕ, ಇಲ್ಲಿಗೆ 45 ಸಾಕು ಎಂದರು. ಜನ ಕಿಕ್ಕಿರಿದ ನಾಡು, 30ಕ್ಕಿಂತ ಹೆಚ್ಚು ಬೇಡವೆಂದು ಇಲ್ಲಿಯ ಪಕ್ಷಗಳೆಲ್ಲ ಒಂದಾಗಿ ದಿಲ್ಲಿಗೆ ಹೋದವು. ಕೇರಳದಲ್ಲಿ ಎಲ್ಲ ಪಕ್ಷಗಳೂ ಒಂದಾಗುವ ಸಂದರ್ಭ ಎಷ್ಟು ಅಪರೂಪವೆಂದು ನಿಮಗೆ ಗೊತ್ತೇ ಇದೆ! ಕೆಲಸ ನಿಂತಿತು. ಕೊನೆಗೆ 45ಕ್ಕೇ ಒಪ್ಪಿದ್ದಾಯಿತು. ಅಷ್ಟರಲ್ಲಿ ಭೂಮಿಯ ಬೆಲೆ ಗಗನಕ್ಕೇರಿತ್ತು. ಬೇರೆ ಯಾವ ರಾಜ್ಯದವರೂ ಅಲ್ಲಿಯವರೆಗೆ ಮಾಡದಿದ್ದ ಹಾಗೆ, ಭೂಸ್ವಾಧೀನದ ವೆಚ್ಚದಲ್ಲಿ ಶೇಕಡಾ 25 ತಾನೇ ಹೊರುತ್ತೇನೆಂದು 2019ರಲ್ಲಿ ರಾಜ್ಯ ಒಪ್ಪಿಕೊಂಡು, ಸುಮಾರು 5,580 ಕೋಟಿ ರೂಪಾಯಿ ತೆರಬೇಕಾಯಿತು. ಇದು ಇಲ್ಲಿಯವರು ತಾವೇ ಮಾಡಿಕೊಂಡ ತಡ, ತಾವೇ ಕೊಟ್ಟ ದಂಡ. ಒಪ್ಪುತ್ತೇನೆ.

ಆದರೆ ಬಾವುಟ ಹಿಡಿದವರು ಯಾರೆಂದು ಹಿರಿಯರು ಹತ್ತಿರದಿಂದ ನೋಡಿಲ್ಲ. ನನಗೆ ಎರ್ನಾಕುಲಂಗೆ ವರ್ಗವಾದ ಮೇಲೆ ಮೊದಲು ಬಾಡಿಗೆಗಿದ್ದ ಮನೆ ಚೇರಾನಲ್ಲೂರಿನ ಕಡೆ. ಇಡಪ್ಪಳ್ಳಿಯಿಂದ ಮೂತ್ತಕುನ್ನಂವರೆಗಿನ ಆ ಭಾಗದಲ್ಲಿ ದಶಕಗಳ ಹಿಂದೆಯೇ 30 ಮೀಟರಿನ ಲೆಕ್ಕಕ್ಕೆ ಜನರಿಂದ ಜಾಗ ಪಡೆದಿದ್ದರು. ಪಡೆದ ಜಾಗದಲ್ಲಿ ರಸ್ತೆ ಬರಲಿಲ್ಲ, ಹುಲ್ಲು ಬಂತು. ಹುಲ್ಲಿನಾಚೆ ಉಳಿದ ಅಂಗೈಯಗಲ ನೆಲದಲ್ಲಿ ಜನ ಮತ್ತೆ ಮನೆ ಕಟ್ಟಿಕೊಂಡರು. ಆಮೇಲೆ 45 ಮೀಟರಿನ ಕಲ್ಲು ಆ ಮನೆಗಳ ಅಡುಗೆಕೋಣೆಯಲ್ಲಿ ನೆಟ್ಟಿತು. ನಮ್ಮ ಮನೆಯ ಎದುರಿನ ಮುದುಕಿ ಒಂದು ದಿನ ನನ್ನ ಹೆಂಡತಿಯನ್ನು ಕರೆದು ಕಲ್ಲು ತೋರಿಸಿ, ಒಂದೇ ರಸ್ತೆಗೆ ಎಷ್ಟು ಸಲ ಮನೆ ಬಿಡಬೇಕೆಂದು ಕೇಳಿದಳಂತೆ. ಅವಳೂ ಬಾವುಟ ಹಿಡಿದಿದ್ದಳು. ಗುದ್ದಲಿ ಹಿಡಿಯಲು ಅವಳಿಗೆ ಅಂಗಳವೇ ಉಳಿದಿರಲಿಲ್ಲ. ಎರಡನೆಯ ಸಲ ಸರಕಾರ ಕೊಟ್ಟ ಪರಿಹಾರ ಕಡಿಮೆಯದಲ್ಲ, ಅದನ್ನೂ ಹೇಳಬೇಕು. ಆದರೆ ಮೊದಲನೆಯ ಸಲ ಕೊಟ್ಟ ನೆಲ ಅಷ್ಟು ವರ್ಷ ಸುಮ್ಮನೆ ಬಿದ್ದುದಕ್ಕೆ ಲೆಕ್ಕ ಒಪ್ಪಿಸಿದವರು ಯಾರೂ ಇಲ್ಲ.

ಇನ್ನು ನಮ್ಮ ಎಲೆಗೆ ಬರೋಣ. ಇಲ್ಲಿ ಕೂತು ಪರರ ಎಲೆಯ ನೊಣ ಎಣಿಸುವ ನಾವು, ನಮ್ಮದೇ ಎಲೆಯಲ್ಲಿ ಸತ್ತು ಬಿದ್ದ ಹೆಗ್ಗಣವನ್ನು ಕಾಣುವುದಿಲ್ಲ. ತಲಪಾಡಿಯಿಂದ ಕುಂದಾಪುರದವರೆಗಿನ ಚತುಷ್ಪಥ 2010ರಲ್ಲಿ ಶುರುವಾದದ್ದು. ಮೂರು ವರ್ಷದೊಳಗೆ ಮುಗಿಯಬೇಕಾಗಿತ್ತು. ಅಲ್ಲಿ 30 ಮೀಟರಿನ ಚಳವಳಿ ಇರಲಿಲ್ಲ, ಸರ್ವಪಕ್ಷ ನಿಯೋಗವಿರಲಿಲ್ಲ. ಆದರೂ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ತೆರೆದದ್ದು 2020ರ ಜನವರಿ 31ರಂದು. ಅರ್ಧ ಮೈಲಿಯೂ ಇಲ್ಲದ ಆ ಸೇತುವೆಯ ಮೇಲೆ ದಕ್ಷಿಣ ಕನ್ನಡದವರು ಕಟ್ಟಿದ ನಗೆಹನಿಗಳನ್ನೆಲ್ಲ ಒಟ್ಟು ಮಾಡಿದರೆ ಸೇತುವೆಗಿಂತ ಉದ್ದವಾದೀತು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆ ಇನ್ನೊಂದು ವರ್ಷ ತೆಗೆದುಕೊಂಡಿತು. ಆದರೆ ತಲಪಾಡಿ, ಹೆಜಮಾಡಿ, ಸಾಸ್ತಾನಗಳ ಟೋಲ್ ಗೇಟುಗಳು? ಅವು 2017ರಲ್ಲೇ ಸಿದ್ಧ! ರಸ್ತೆ ಕಟ್ಟುವವರಿಗೆ ಸಿಗದ ಸಿಮೆಂಟು ಗೇಟು ಕಟ್ಟುವವರಿಗೆ ಮೂರು ವರ್ಷ ಮೊದಲೇ ಹೇಗೆ ಸಿಕ್ಕಿತೆಂದು ಯಾರಾದರೂ ವಿವರಿಸಬೇಕು.

ಅಂದಮೇಲೆ ತಡಕ್ಕೆ ಕೇರಳದ ಬಾವುಟ ಒಂದೇ ಕಾರಣವೆಂಬ ವಾದ ನಿಲ್ಲುವುದಿಲ್ಲ. ನನ್ನ ಜಗಳ ತಡದ ಮೇಲೆ ಅಷ್ಟಾಗಿ ಇಲ್ಲ. ಮಳೆಯ ನಾಡು, ಹೊಳೆ ಕಾಯಲುಗಳ ನಾಡು, ತಡವಾಗುತ್ತದೆ. ತಡವಾದ ರಸ್ತೆಗೆ ಮುಂಗಡವಾಗಿ ದಕ್ಷಿಣೆ ಎತ್ತುತ್ತಾರಲ್ಲ, ಅದರ ಮೇಲೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಗಾದೆ ಕೇಳಿದ್ದೇವೆ. ಇಲ್ಲಿ ಕುಲಾವಿಯ ದುಡ್ಡನ್ನು ದಾರಿಹೋಕರಿಂದ ವಸೂಲು ಮಾಡುತ್ತಾರೆ.

ಕೊಲ್ಲಂ ಬೈಪಾಸನ್ನೇ ನೋಡಿ. ತಿರುವನಂತಪುರ ಎರ್ನಾಕುಲಂಗಳ ನಡುವೆ ಓಡಾಡುವ ನಮ್ಮವರೆಲ್ಲ ಬಲ್ಲ ದಾರಿ. ಮೇವರಂನಿಂದ ಕಾವನಾಡಿಗೆ 13 ಕಿಲೋಮೀಟರು. ಯೋಜನೆ ಹುಟ್ಟಿದ್ದು 1972ರಲ್ಲಿ, ಅಂದರೆ ನಾನು ಹುಟ್ಟುವುದಕ್ಕೂ ಮೊದಲು. ಒಂದು ತುಂಡು 1993ರಲ್ಲಿ, ಮತ್ತೊಂದು 1999ರಲ್ಲಿ ಆಗಿ, ಪೂರ್ತಿ ರಸ್ತೆಯ ಉದ್ಘಾಟನೆ ಪ್ರಧಾನಮಂತ್ರಿಗಳಿಂದ ಆದದ್ದು 2019ರ ಜನವರಿ 15ರಂದು. ನಲವತ್ತೇಳು ವರ್ಷ! ಕೊನೆಯ ಹಂತದ ವೆಚ್ಚದಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು, ಎಂದರೆ ಎರಡೂ ಕಿಸೆಯಿಂದ ನಮ್ಮದೇ. ಆದ ರಸ್ತೆಯಾದರೂ ಎಂಥದು? ಎರಡೇ ಲೇನು. ಎದುರಿನಿಂದ ಲಾರಿ ಬಂದರೆ ದೇವರ ಹೆಸರು ಹೇಳಿ ಬದಿಗೆ ಸರಿಯಬೇಕು. ಅದಕ್ಕೂ 2021ರ ಜೂನ್‌ನಲ್ಲಿ ಕುರೀಪುಳದಲ್ಲಿ ಟೋಲ್ ಶುರುವಾಯಿತು. ಅದೇ ಆಗಸ್ಟಿನಲ್ಲಿ ತಿರುವನಂತಪುರದ ದಕ್ಷಿಣಕ್ಕೆ ತಿರುವಲ್ಲಂನಲ್ಲೂ ಗೇಟು ತೆರೆಯಿತು. ಕಳಕೂಟ್ಟಂನಿಂದ ಕಾರೋಡಿನವರೆಗೆ ಹೋಗಬೇಕಾದ ರಸ್ತೆ, ಕೋವಳಂ ಆಚೆಯದು ಇನ್ನೂ ಮುಗಿದಿರಲಿಲ್ಲ. ಉತ್ತರದ ಕಳಕೂಟ್ಟಂ ಮೇಲ್ಸೇತುವೆ ವಾಹನಗಳಿಗೆ ತೆರೆದದ್ದು ಮಾರನೆಯ ವರ್ಷ. ತಲೆಯೂ ಇಲ್ಲ, ಬಾಲವೂ ಇಲ್ಲ, ಹೊಟ್ಟೆಯಲ್ಲಿ ಮಾತ್ರ ಗೇಟು.

ಕೊಚ್ಚಿಯದು ಇನ್ನೂ ಸ್ವಾರಸ್ಯವಾಗಿದೆ. ಇಡಪ್ಪಳ್ಳಿ-ಅರೂರು ಬೈಪಾಸಿಗೆ ಕುಂಬಳಂನಲ್ಲಿ ವರ್ಷಗಟ್ಟಲೆ ಟೋಲ್ ಎತ್ತಿದರು. ಅದೇ ಬೈಪಾಸಿನ ವೈಟ್ಟಿಲ, ಕುಂಡನ್ನೂರು ವೃತ್ತಗಳಲ್ಲಿ ನಾವು ಬೆವರಿದ ಬೆವರಿಗೆ ಲೆಕ್ಕವಿಲ್ಲ. ಕೊನೆಗೆ ಅಲ್ಲಿ ಮೇಲ್ಸೇತುವೆ ಕಟ್ಟಿ 2021ರ ಜನವರಿ 9ರಂದು ತೆರೆದದ್ದು ರಾಜ್ಯ ಸರಕಾರ, ತನ್ನ ದುಡ್ಡಿನಲ್ಲಿ. ಹೆದ್ದಾರಿ ಒಬ್ಬರದು, ಸೇತುವೆ ಇನ್ನೊಬ್ಬರದು, ಟೋಲ್ ಮೊದಲನೆಯವರಿಗೆ. ಪಾಲಾರಿವಟ್ಟಂ ಸೇತುವೆಯ ಕಥೆ ತೆಗೆದರೆ ಅದೇ ಒಂದು ಪುರಾಣವಾದೀತು. 2016ರಲ್ಲಿ ತೆರೆದು, 2019ರಲ್ಲಿ ಮುಚ್ಚಿ, ಕೆಡವಿ ಕಟ್ಟಿ 2021ರಲ್ಲಿ ಮತ್ತೆ ತೆರೆದದ್ದು. ಅದು ರಾಜ್ಯದವರ ಪಾಪ. ನಾನು ಯಾರ ಪಕ್ಷದವನೂ ಅಲ್ಲವೆಂದು ತೋರಿಸಲು ಅದನ್ನೂ ಬರೆದೆ.

ಕಛೇರಿಯಲ್ಲಿ ಬಿಲ್ಲು ನೋಡುವ ನನಗೆ ಒಂದು ನಿಯಮ ಗೊತ್ತು. ಹತ್ತು ಕುರ್ಚಿಗೆ ಆರ್ಡರು ಕೊಟ್ಟರೆ ಹತ್ತೂ ಬಂದು, ಎಣಿಸಿ, ಕೈಕಾಲು ಅಲ್ಲಾಡಿಸಿ ನೋಡಿ, ಸ್ಟಾಕ್ ರಿಜಿಸ್ಟರಿನಲ್ಲಿ ಏರಿಸಿದ ಮೇಲೆ ಬಿಲ್ಲು ಪಾಸು. ಏಳು ಕುರ್ಚಿ ಬಂದಾಗಲೇ ಹತ್ತರ ಬಿಲ್ಲು ಪಾಸು ಮಾಡಿದರೆ ಆಡಿಟ್‌ನವರು ನನ್ನ ಚರ್ಮ ಸುಲಿಯುತ್ತಾರೆ. ಹೆದ್ದಾರಿಯಲ್ಲಿ ಮಾತ್ರ, ಉದ್ದದ ಮುಕ್ಕಾಲು ಪಾಲು ಆದರೆ ತಾತ್ಕಾಲಿಕ ಮುಕ್ತಾಯಪತ್ರ ಕೊಟ್ಟು ಟೋಲ್ ಎತ್ತಬಹುದೆಂಬ ಕರಾರು. ಉಳಿದ ಕಾಲು ಭಾಗ ಯಾವುದಾಗಿರುತ್ತದೆ? ಬಯಲಿನ ನೇರ ದಾರಿ ಎಂದೂ ಉಳಿಯುವುದಿಲ್ಲ. ಉಳಿಯುವುದು ಪಂಪ್‌ವೆಲ್, ಉಳಿಯುವುದು ಶಾಸ್ತ್ರಿ ವೃತ್ತ. ಎಲ್ಲಿ ಕಷ್ಟವೋ, ಎಲ್ಲಿ ನಮ್ಮ ಗಂಟೆಗಳು ಕಳೆಯುತ್ತವೋ, ಆ ಕಾಲು ಭಾಗವೇ ಉಳಿಯುತ್ತದೆ. ಮುಕ್ಕಾಲು ಭಾಗದ ಹಣ ಕೈಗೆ ಬರಲು ತೊಡಗಿದ ಮೇಲೆ ಕಾಲು ಭಾಗಕ್ಕೆ ಅವಸರ ಯಾರಿಗೆ?

ಕಂಟ್ರಾಕ್ಟರು ಸಾಲ ತಂದಿರುತ್ತಾನೆ, ಬಡ್ಡಿ ಕಟ್ಟಬೇಕು ಎಂದು ಕೆಲವರು ಕನಿಕರ ಪಡುತ್ತಾರೆ. ತಲಪಾಡಿ-ಕುಂದಾಪುರದಂಥ ಹಳೆಯ ಕರಾರುಗಳಿಗೆ ಆ ಮಾತು ಸ್ವಲ್ಪ ಸಲ್ಲುತ್ತದೆ. ಅಲ್ಲಿ ಟೋಲೇ ಅವನ ಗಳಿಕೆ. ಆದರೆ ಕೇರಳದಲ್ಲಿ 2021ರಿಂದ ಈಚೆಗೆ ನಡೆದಿರುವ ಆರು ಲೇನಿನ ಕೆಲಸದ ಬಹುಪಾಲು ಬೇರೆ ಬಗೆಯದು. ಕಟ್ಟುವಾಗಲೇ ವೆಚ್ಚದ ಶೇಕಡಾ 40ನ್ನು ಕಂತಿನಲ್ಲಿ ಕಂಟ್ರಾಕ್ಟರಿಗೆ ಕೊಡುತ್ತಾರೆ. ಉಳಿದ 60ನ್ನು ಬಡ್ಡಿ ಸಹಿತ ಹದಿನೈದು ವರ್ಷ ಕೊಡುತ್ತಾ ಹೋಗುತ್ತಾರೆ. ಟೋಲ್ ಬರುವುದು ಪ್ರಾಧಿಕಾರದ ಬೊಕ್ಕಸಕ್ಕೆ. ಅಂದರೆ ನಾವು ಆರು ತಿಂಗಳು ತಡವಾಗಿ ಟೋಲ್ ಕೊಟ್ಟರೆ ಯಾವ ಕಂಟ್ರಾಕ್ಟರನ ಒಲೆಯೂ ಆರುವುದಿಲ್ಲ. ಕನಿಕರಕ್ಕೂ ಒಂದು ಲೆಕ್ಕ ಬೇಕು.

ಲೆಕ್ಕ ಎಂದಾಗ ನನ್ನ ಮನೆಯ ಒಂದು ಸಂಗತಿ ಹೇಳಬೇಕಾಗಿದೆ. ಹೇಳಬಾರದೆಂದು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. 2023ರ ಜುಲೈ, ಧಾರಾಕಾರ ಮಳೆ. ರಾತ್ರಿ ಎಂಟಕ್ಕೆ ಬ್ರಹ್ಮಾವರದಿಂದ ಅಣ್ಣನ ಫೋನು. ಅಪ್ಪ ಹೋದರು. ರೈಲಿನಲ್ಲಿ ಸೀಟಿಲ್ಲ. ಒಂಬತ್ತಕ್ಕೆ ಕಾರಿನಲ್ಲಿ ಹೊರಟೆವು, ಹೆಂಡತಿ ಮಕ್ಕಳು ಸಮೇತ. ಎಷ್ಟೇ ನಿಧಾನವಾದರೂ ಬೆಳಿಗ್ಗೆ ಎಂಟರೊಳಗೆ ಮುಟ್ಟುತ್ತೇವೆಂದು ಅಣ್ಣನಿಗೆ ಹೇಳಿದ್ದೆ. ದಾರಿಯುದ್ದಕ್ಕೂ ಅಗೆದ ಹೊಂಡ, ತಗಡಿನ ಬೇಲಿ, ಎಡಕ್ಕೆ ಬಾಣ, ಬಲಕ್ಕೆ ಬಾಣ, ನೀರು ತುಂಬಿದ ಸರ್ವಿಸ್ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳು. ಕೋಳಿಕ್ಕೋಡು ದಾಟಿದ ಮೇಲೆ ಒಂದು ಕಡೆ ಎರಡು ಗಂಟೆ ಅಲ್ಲಾಡಲಿಲ್ಲ. ಕಾಸರಗೋಡಿನಲ್ಲಿ ಬೆಳಕಾಗಿ ಬಹಳ ಹೊತ್ತಾಗಿತ್ತು. ತಲಪಾಡಿಯ ಗೇಟಿನಲ್ಲಿ ಕಾರಿನ ಗಾಜಿಗಂಟಿಸಿದ ಚೀಟಿಯನ್ನು ಯಂತ್ರ ಓದಿ, ದುಡ್ಡು ಕಡಿದುಕೊಂಡು, ಕೋಲು ಎತ್ತಿತು. ಹೆಜಮಾಡಿಯಲ್ಲೂ ಹಾಗೆಯೇ. ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಹನ್ನೆರಡರವರೆಗೆ ಕಾದು, ಮಳೆ ತುಸು ಹೊಳವಾದದ್ದು ಕಂಡು, ಇನ್ನು ಕಾಯುವುದು ಬೇಡವೆಂದು ಹಿರಿಯರು ಹೇಳಿದರಂತೆ. ತೋಟದ ಮೂಲೆಯಲ್ಲಿ ಹೊಗೆ ಕಂಡೆ. ಅಪ್ಪನ ಮುಖ ಕಾಣಲಿಲ್ಲ.

ಇದನ್ನು ಯಾರ ಮೇಲೆ ಹೊರಿಸಲಿ? ಯಾರ ಮೇಲೂ ಹೊರಿಸುತ್ತಿಲ್ಲ. ರಸ್ತೆ ಕಟ್ಟುವಾಗ ದಾರಿ ಕೆಡುತ್ತದೆ. ಆದರೆ ಆ ದಿನದ ಎರಡು ಟೋಲಿನ ಸಂದೇಶ ಮೊಬೈಲಿನಲ್ಲಿ ಇನ್ನೂ ಇದೆ, ಅಳಿಸಲು ಕೈ ಬರುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಗಾದೆ. ಹಿಂದೆ ಸುಂಕದಕಟ್ಟೆಯಲ್ಲಿ ಒಬ್ಬ ಮನುಷ್ಯನಾದರೂ ಕೂತಿರುತ್ತಿದ್ದ, ಕೇಳದಿದ್ದರೂ ಅವನಿಗೆ ಕಿವಿಯಿತ್ತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಅದೂ ತಪ್ಪಿತು. ರಸ್ತೆ ಅಂದು ನಡೆಯುತ್ತಿದೆಯೋ ಇಲ್ಲವೋ ಎಂದು ಯಂತ್ರ ಕೇಳುವುದಿಲ್ಲ.

ಕೆಡುವುದು ದಾರಿ ಮಾತ್ರ ಆಗಿದ್ದರೆ ಹೇಗೋ ಸಹಿಸಬಹುದಿತ್ತು. 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ, ಗದ್ದೆಯ ಮೇಲೆ ಮಣ್ಣು ಪೇರಿಸಿ ಎತ್ತರಿಸಿದ್ದ ಹೊಸ ಹೆದ್ದಾರಿ ಕುಸಿದು ಸರ್ವಿಸ್ ರಸ್ತೆಯ ಮೇಲೆ ಬಿತ್ತು. ನಾನು ಓದಿದ್ದು ಬಿ.ಎಸ್ಸಿ., ಇಂಜಿನಿಯರಿಂಗ್ ಅಲ್ಲ. ಆದರೂ ನೀರು ಕುಡಿದ ಜೇಡಿಮಣ್ಣಿನ ಮೇಲೆ ಭಾರ ಹೇರಿದರೆ ಅದು ಬದಿಗೆ ಜಾರುತ್ತದೆಂದು ತಿಳಿಯಲು ಯಾವ ಪದವಿ ಬೇಕು? ಗದ್ದೆಯಲ್ಲಿ ಎಮ್ಮೆ ಕಟ್ಟಿದ ರೈತನಿಗೂ ಗೊತ್ತು. ಕಂಬದ ಮೇಲೆ ಸೇತುವೆಯಾಗಿ ಒಯ್ಯಬೇಕಾಗಿದ್ದ ಕಡೆ ಮಣ್ಣಿನ ಗೋಡೆ ಕಟ್ಟಿದ್ದರ ಫಲ. ಆಮೇಲೆ ಅಲ್ಲಿ ಸೇತುವೆಯನ್ನೇ ಕಟ್ಟಬೇಕೆಂದು ತೀರ್ಮಾನವಾಯಿತು. ನಮ್ಮ ಹತ್ತಿರವೇ, ಅರೂರಿನಿಂದ ತುರವೂರಿಗೆ ಹನ್ನೆರಡೂಮುಕ್ಕಾಲು ಕಿಲೋಮೀಟರಿನ ಎತ್ತರದ ಹೆದ್ದಾರಿ ಕಟ್ಟುವಾಗ, 2025ರ ನವೆಂಬರ್ 13ರ ನಸುಕಿನಲ್ಲಿ ತೊಲೆಗಳು ಕೆಳಗೆ ಹೋಗುತ್ತಿದ್ದ ವ್ಯಾನಿನ ಮೇಲೆ ಬಿದ್ದು ಚಾಲಕ ಸತ್ತ.

ಇದೇ 66ರ ಮೇಲೆ ನಮ್ಮ ಕಡೆ ಆದದ್ದೂ ನೆನಪಿರಲಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೋಳಿಕ್ಕೋಡಿನ ಲಾರಿ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾದ. ಎಪ್ಪತ್ತಕ್ಕೂ ಹೆಚ್ಚು ದಿನದ ಮೇಲೆ ಗಂಗಾವಳಿ ಹೊಳೆಯಲ್ಲಿ ಸಿಕ್ಕಿದ. ಆ ದಿನಗಳಲ್ಲಿ ನನ್ನ ಕಛೇರಿಯ ಮಲಯಾಳಿ ಸಹೋದ್ಯೋಗಿಗಳು ಬೆಳಿಗ್ಗೆ ಬಂದವರೇ ನನ್ನ ಮೇಜಿನ ಹತ್ತಿರ ನಿಂತು, ನಿಮ್ಮ ಕನ್ನಡ ಪತ್ರಿಕೆಯಲ್ಲಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದರು. ಗುಡ್ಡವನ್ನು ಅಷ್ಟು ನೆಟ್ಟಗೆ ಕಡಿದವರು ಯಾರು ಎಂದೂ ಕೇಳಿದರು. ಬಾವುಟ, ಗುದ್ದಲಿಯ ಮಾತು ಅವರ ಮುಂದೆ ಆಡಲು ನನಗೆ ನಾಲಗೆ ಬರುತ್ತಿರಲಿಲ್ಲ.

ಸುಮ್ಮನಿರೋಣ ಎಂದರಲ್ಲ ಹಿರಿಯರು, ಸುಮ್ಮನಿರದವರಿಗೆ ಏನಾಯಿತೆಂದು ನೋಡಿ. ಸುರತ್ಕಲ್‌ನ ಗೇಟು ತಾತ್ಕಾಲಿಕವೆಂದೇ ಬಂದದ್ದು. ಹೆಜಮಾಡಿ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರು. ತಲಪಾಡಿಯಿಂದ ಸಾಸ್ತಾನಕ್ಕೆ ನೂರು ಕಿಲೋಮೀಟರೂ ಇಲ್ಲದ ಹಾದಿಯಲ್ಲಿ ನಾಲ್ಕು ಗೇಟು! ಸುರತ್ಕಲ್ ಜನ ವರ್ಷಗಟ್ಟಲೆ ಕೂಗಿದರು, 2022ರ ಅಕ್ಟೋಬರಿನಲ್ಲಿ ಗೇಟಿಗೇ ಮುತ್ತಿಗೆ ಹಾಕಿದರು, ಹಗಲೂ ರಾತ್ರಿ ಧರಣಿ ಕೂತರು. ಡಿಸೆಂಬರ್ 1ರಿಂದ ವಸೂಲಿ ನಿಂತಿತು. ಬಾವುಟ ಹಿಡಿದದ್ದು ಅಲ್ಲಿ ಕನ್ನಡಿಗರೇ, ತುಳುವರೇ. ಇಲ್ಲಿ ಪಾಲಿಯೇಕ್ಕರದ ಟೋಲನ್ನು ಕೇರಳ ಹೈಕೋರ್ಟು 2025ರ ಆಗಸ್ಟ್ 6ರಂದು ತಡೆಯಿತು. ಅದು ಕರಾವಳಿ ದಾರಿಯಲ್ಲ, ಇಡಪ್ಪಳ್ಳಿಯಲ್ಲಿ ಅದಕ್ಕೆ ಬಂದು ಕೂಡುವ 544. ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 65 ಕಿಲೋಮೀಟರಿಗೆ 12 ಗಂಟೆ ಹಿಡಿದರೆ ಜನ 150 ರೂಪಾಯಿ ಯಾಕೆ ಕೊಡಬೇಕೆಂದು ನ್ಯಾಯಪೀಠವೇ ಕೇಳಿ, ಆಗಸ್ಟ್ 19ರಂದು ಅರ್ಜಿಯನ್ನು ವಜಾ ಮಾಡಿತು. ಅಕ್ಟೋಬರಿನಲ್ಲಿ ವಸೂಲಿ ಮತ್ತೆ ಶುರುವಾಯಿತು, ನಿಜ. ಆದರೆ ದಾರಿ ನಡೆಯದಿದ್ದರೆ ಸುಂಕವಿಲ್ಲ ಎಂಬ ಮಾತು ದೇಶದ ಅತ್ಯುನ್ನತ ನ್ಯಾಯಾಲಯದ ಕಡತದಲ್ಲಿ ಕೂತಿದೆ. ಗುಮಾಸ್ತರಿಗೆ ಗೊತ್ತು, ಕಡತದಲ್ಲಿ ಕೂತದ್ದು ಎಂದಾದರೂ ಒಂದು ದಿನ ಏಳುತ್ತದೆ.

ಈಗ ನಮ್ಮವರಿಗೆ ನೇರವಾಗಿ ತಟ್ಟುವ ಸಂಗತಿ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರಿನ ತುಂಡು ಚೆನ್ನಾಗಿ ಬಂದಿದೆ, ಕಣ್ಣಾರೆ ಕಂಡಿದ್ದೇನೆ. ಅದು ಹಾಯುವುದು ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿ, ಕಾಸರಗೋಡಿನ ಕನ್ನಡಿಗರ ಅಂಗಳದಲ್ಲಿ. ಮಂಗಳೂರಿನ ಆಸ್ಪತ್ರೆ, ಮಂಗಳೂರಿನ ಕಾಲೇಜು, ಮಂಗಳೂರಿನ ಅಂಗಡಿ ಇವೇ ಅವರ ದಿನಚರಿ. ತಲಪಾಡಿಯಲ್ಲಿ ಆಗಲೇ ಒಂದು ಗೇಟು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರಿಗೆ ಕುಂಬಳೆ ಸಮೀಪದ ಆರಿಕ್ಕಾಡಿಯಲ್ಲಿ 2025ರಲ್ಲಿ ಇನ್ನೊಂದನ್ನು ಕಟ್ಟಿದರು. ಜನ ಬೀದಿಗಿಳಿದರು, ಹೈಕೋರ್ಟಿನ ಮೆಟ್ಟಿಲೂ ಹತ್ತಿದರು. ಇದೂ ತಾತ್ಕಾಲಿಕವಂತೆ, ದಕ್ಷಿಣದ ತುಂಡು ಮುಗಿಯುವವರೆಗಂತೆ. ಸುರತ್ಕಲ್‌ನವರಿಗೆ ಈ ಪದದ ಅರ್ಥ ಕೇಳಿ. ತಮ್ಮ ಕೆಲಸ ಮುಗಿದಿಲ್ಲವೆಂಬ ಕಾರಣಕ್ಕೆ ನಮ್ಮ ಮೇಲೆ ಹೆಚ್ಚಿನ ಗೇಟು ಹೇರುವ ತರ್ಕ ಯಾವ ಬಿ.ಎಸ್ಸಿ.ಗೂ ಅರ್ಥವಾಗಲಾರದು.

2008ರ ಶುಲ್ಕ ನಿಯಮಗಳಲ್ಲಿ ಒಂದೇ ದಿಕ್ಕಿನಲ್ಲಿ 60 ಕಿಲೋಮೀಟರಿನೊಳಗೆ ಎರಡನೆಯ ಗೇಟು ಕೂಡದೆಂದಿದೆ. ಕೂಡಲೇ ಕೆಳಗೆ "ಪರಂತು" ಎಂದು ಶುರುವಾಗುವ ಸಾಲುಗಳಿವೆ. ನಿಯಮಗಳ ಜೊತೆ ಹೊಟ್ಟೆ ಹೊರೆದ ನನಗೆ ಗೊತ್ತು, ದನ ನುಗ್ಗುವುದು ಬೇಲಿಯ ಪರಂತುವಿನಲ್ಲೇ. 2022ರ ಮಾರ್ಚ್ 22ರಂದು ಹೆದ್ದಾರಿ ಸಚಿವರು ಲೋಕಸಭೆಯಲ್ಲಿ ನಿಂತು, 60 ಕಿಲೋಮೀಟರಿನೊಳಗಿನ ಎರಡನೆಯ ಗೇಟುಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆಂದರು. ಆರಿಕ್ಕಾಡಿಯ ಗೇಟಿಗೆ ಕಬ್ಬಿಣ ಇಳಿದದ್ದು ಆ ಮಾತಿಗೆ ಮೂರು ವರ್ಷ ತುಂಬಿದ ಮೇಲೆ.

ನಮ್ಮ ಸಂಘ ರಾಜ್ಯೋತ್ಸವ ಮಾಡುತ್ತದೆ, ಭುವನೇಶ್ವರಿಯ ಪಟಕ್ಕೆ ಹಾರ ಹಾಕುತ್ತದೆ, ಕಾಸರಗೋಡು ನಮ್ಮದೆಂದು ಭಾಷಣ ಮಾಡುವವರನ್ನು ಕರೆಸುತ್ತದೆ. ಕಾಸರಗೋಡಿನವರು ಗೇಟಿನೆದುರು ಮಳೆಯಲ್ಲಿ ನಿಂತಾಗ ಒಂದು ಕಾಗದ ಬರೆಯಲಿಲ್ಲ. ಸಭೆಯಲ್ಲಿ ಇದನ್ನೇ ಹೇಳಬೇಕಾಗಿತ್ತು, ಉಪ್ಪಿಟ್ಟು ಅಡ್ಡ ಬಂತು.

ಒಂದು ಅರ್ಜಿಯ ಕರಡು ಮಾಡಿದ್ದೇನೆ, ಕನ್ನಡದಲ್ಲೂ ಮಲಯಾಳದಲ್ಲೂ. ಮಲಯಾಳದ್ದನ್ನು ತಿದ್ದಿಕೊಟ್ಟವರು ಕಛೇರಿಯ ಸಹೋದ್ಯೋಗಿ. ಕೇಳಿರುವುದು ಇಷ್ಟೇ: ಒಂದು ತುಂಡಿನ ರಸ್ತೆ ಸೇತುವೆ, ಸರ್ವಿಸ್ ರಸ್ತೆ ಸಮೇತ ಪೂರ್ತಿ ಮುಗಿಯದೆ ಅಲ್ಲಿ ಟೋಲ್ ಬೇಡ, ದಾರಿ ಕಟ್ಟಿದ ದಿನ ವಸೂಲಿ ತಾನಾಗಿ ನಿಲ್ಲಲಿ, 60 ಕಿಲೋಮೀಟರಿನ ನಿಯಮಕ್ಕೆ ಕೊಟ್ಟ ವಿನಾಯಿತಿಯ ಕಾರಣವನ್ನು ಆ ಗೇಟಿನಲ್ಲೇ ಓದುವಂತೆ ಬರೆದು ಹಾಕಲಿ. ಬರುವ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಘದ ವಾಚನಾಲಯದ ಮೇಜಿನ ಮೇಲೆ ಅದು ಇರುತ್ತದೆ. ಸಹಿ ಹಾಕಲು ಬರುವವರು ತಮ್ಮ ಫಾಸ್ಟ್ಯಾಗ್ ಖಾತೆಯ ವಿವರವನ್ನೂ ತನ್ನಿ, ಯಾವ ದಿನ ಎಷ್ಟು ಕೊಟ್ಟಿರಿ, ಅಂದು ದಾರಿಯಲ್ಲಿ ಎಷ್ಟು ಗಂಟೆ ಕಳೆದಿರಿ ಎಂದು ಬದಿಯಲ್ಲಿ ಬರೆದುಕೊಂಡು. ನನ್ನದರಲ್ಲಿ 2023ರ ಜುಲೈ ತಿಂಗಳ ಹಾಳೆಯನ್ನು ಮೊದಲು ಲಗತ್ತಿಸಿದ್ದೇನೆ. ಹಿರಿಯರೂ ಬರಬೇಕು. ಅವರ ಪೆನ್ನಿಗೆ ಶಾಯಿ ನಾನು ತುಂಬಿಸಿ ಇಟ್ಟಿರುತ್ತೇನೆ.